ಕೂಲಿ ಹಡಗಿನ ಜಗಳ

ನಾನು ಎಂಟನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ಅಜ್ಜಂಪುರದೊಳಗೆ ದಿನಕ್ಕೆ ಕಡಿಮೆಯೆಂದರೂ ಹತ್ತು ಗ್ರಹಗಳು ಸುಟ್ಟು ಬೂದಿಯಾಗುತ್ತಿದ್ದವು. ಬೆಳಗ್ಗೆ ಹನ್ನೊಂದಕ್ಕೆ ಶುರುವಾದ ಯುದ್ಧ ಕರೆಂಟು ಹೋಗುವವರೆಗೆ ನಡೆಯುತ್ತಿತ್ತು. ಕರೆಂಟು ಹೋದ ಕೂಡಲೇ ಐದು ಪರದೆಗಳು ಒಟ್ಟಿಗೆ ಕಪ್ಪಾಗಿ, ಇಪ್ಪತ್ತು ಗಂಟಲುಗಳಿಂದ ಒಂದೇ ಸಲ ಕೂಗು ಏಳುತ್ತಿತ್ತು. ಗೆಲ್ಲುತ್ತಿದ್ದವರು ಕೆ.ಇ.ಬಿ.ಯವರಿಗೆ ಶಾಪ ಹಾಕುತ್ತಿದ್ದರು. ಸೋಲುತ್ತಿದ್ದವರು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದರು. ಒಂದು ಕಂಪ್ಯೂಟರಿನ ಮುಂದೆ ನಾಲ್ಕು ಜನ ಒತ್ತಿಕೊಂಡು ಕೂತು, ಮೌಸು ಹಿಡಿದವನ ಭುಜದ ಮೇಲೆ ಗದ್ದವಿಟ್ಟು ಬೆಳೆದವರು ನೀವಾಗಿದ್ದರೆ ಆ ಕೂಗು ನಿಮಗೂ ಗೊತ್ತಿರುತ್ತದೆ.

ಈ ಯುದ್ಧ ನಡೆಯುತ್ತಿದ್ದ ಕಂಪ್ಯೂಟರ್ ಸೆಂಟರು ವನಜಾಕ್ಷಿ ಮಿಸ್ ಅವರದು. ಮೊದಲು ಅದು ಟೈಪಿಂಗ್ ಕಲಿಸುವ ಜಾಗವಾಗಿತ್ತು. ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ, ಎಲ್ಲಿಂದಲೋ ಹಳೆಯ ಕಂಪ್ಯೂಟರುಗಳನ್ನು ತಂದು ಒಂದಕ್ಕೊಂದು ವಯರು ಎಳೆದಿದ್ದರು. ಕೆಳಗಡೆ ಈರುಳ್ಳಿ ಮಂಡಿ. ಬಿಸಿಲೇರಿದ ಹಾಗೆ ಚೀಲಗಳೊಳಗಿನ ಈರುಳ್ಳಿಯ ಘಾಟು ಮೆಟ್ಟಿಲು ಹತ್ತಿ ಬಂದು, ಬಿಸಿಯಾದ ಕಂಪ್ಯೂಟರಿನ ಧೂಳಿನ ವಾಸನೆಯ ಜೊತೆ ಸೇರಿಕೊಳ್ಳುತ್ತಿತ್ತು. ಮಿಸ್‌ಗೆ ಮದುವೆಯಾಗಿರಲಿಲ್ಲ, ಬಾಯಿ ಜೋರು. ಅವರಿದ್ದ ಕಾರಣಕ್ಕೇ ನಮ್ಮ ಮನೆಯಲ್ಲಿ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಬೆಳಗ್ಗೆ ಒಂದು ಗಂಟೆ ಟೈಪಿಂಗ್ ಕಲಿತವರಿಗೆ ಮಾತ್ರ ಆಮೇಲೆ ಆಟ. ಆಡುವ ಹುಡುಗಿ ನಾನೊಬ್ಬಳೇ.

ಆಟದ ಸಿ.ಡಿ.ಯ ಮೇಲಿನ ಹೆಸರು ಉಜ್ಜಿ ಅಳಿಸಿಹೋಗಿತ್ತು. ನಾವು ಅದನ್ನು ಹಡಗಿನ ಆಟ ಎನ್ನುತ್ತಿದ್ದೆವು. ಕಪ್ಪು ಆಕಾಶ, ಅದರಲ್ಲಿ ತೇಲುವ ಕಲ್ಲುಬಂಡೆಗಳು. ಪ್ರತಿಯೊಬ್ಬರಿಗೂ ಒಂದೊಂದು ತಾಯಿ ಹಡಗು. ಅದರ ಹೊಟ್ಟೆಯಿಂದ ಪುಟ್ಟ ಪುಟ್ಟ ಹಡಗುಗಳು ಹೊರಟು, ಬಂಡೆ ಕೆರೆದು ಅದಿರು ಹೊತ್ತು ತರುತ್ತಿದ್ದವು. ಅವಕ್ಕೆ ನಾವಿಟ್ಟ ಹೆಸರು ಕೂಲಿ ಹಡಗು. ಅವು ತಂದ ಅದಿರಿನಿಂದಲೇ ಯುದ್ಧದ ಹಡಗು ಕಟ್ಟಬೇಕು. ಯುದ್ಧದ ಹಡಗುಗಳಿಗೆ ಫಿರಂಗಿಗಳಿದ್ದವು. ಕೂಲಿ ಹಡಗಿಗೆ ಏನೂ ಇರಲಿಲ್ಲ. ಚೌಕಾಬಾರದಲ್ಲಿ ನಿಮ್ಮ ಸರದಿ ಬರುವವರೆಗೆ ಕಾಯುತ್ತೀರಿ. ಇಲ್ಲಿ ಸರದಿ ಎಂಬುದೇ ಇಲ್ಲ. ನೀವು ಯೋಚಿಸುತ್ತಾ ಕೂತ ಹೊತ್ತಿನಲ್ಲಿ ಎದುರಿನವನು ನಿಮ್ಮ ಮನೆಗೆ ನುಗ್ಗಿರುತ್ತಾನೆ.

ನನಗೆ ಅದರಲ್ಲಿ ಬಹಳ ಇಷ್ಟವಾಗಿದ್ದು ಒಡೆಯುವುದು. ಮುಚ್ಚುಮರೆ ಯಾಕೆ? ಹಡಗೊಂದು ಮೊದಲು ಕೆಂಪಗೆ ಕಾದು, ನಡುವೆ ಬಿರುಕು ಬಿಟ್ಟು, ಆಮೇಲೆ ಬೆಳ್ಳಗೆ ಸಿಡಿಯುವಾಗ ನನ್ನ ಹೊಟ್ಟೆಯೊಳಗೆ ಏನೋ ಬೆಚ್ಚಗೆ ಇಳಿದಂತಾಗುತ್ತಿತ್ತು. ಎದುರಿನವನ ಮುಖ ಸಣ್ಣಗಾಗುವುದನ್ನು ಪರದೆಯ ಪಕ್ಕದಿಂದ ಇಣುಕಿ ನೋಡುತ್ತಿದ್ದೆ.

ಸೆಂಟರಿಗೆ ನನ್ನ ಜೊತೆ ಬರುತ್ತಿದ್ದವನು ಲೋಕಣ್ಣ. ನನ್ನ ದೊಡ್ಡಪ್ಪನ ಮಗ ಲೋಕೇಶ, ನನಗಿಂತ ಎರಡು ವರ್ಷ ದೊಡ್ಡವನು. ನಮ್ಮ ಎರಡೂ ಮನೆಗಳ ನಡುವೆ ಒಂದೇ ಅಂಗಳ. ಅಂಗಳದ ಆಚೆ ತೆಂಗಿನ ತೋಟ, ಅದರಾಚೆ ಹೊಲ. ಇಬ್ಬರೂ ಬೆಳಗ್ಗೆ ದೊಡ್ಡಮ್ಮನ ಕೈಯ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಜೇಬಿಗೆ ಮಾವಿನಕಾಯಿ, ಉಪ್ಪುಕಾರದ ಪೊಟ್ಟಣ ತುರುಕಿಕೊಂಡು ಒಂದೇ ಸೈಕಲ್ಲಿನಲ್ಲಿ ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ಜಗಳ. ಯಾವ ಹಡಗು ಮೊದಲು ಕಟ್ಟಬೇಕು, ಯಾವ ಕಡೆಯಿಂದ ನುಗ್ಗಬೇಕು ಎಂದು ಅವನು ಪೆಡಲು ತುಳಿಯುತ್ತಾ ಕೂಗುವುದು, ನಾನು ಹಿಂದಿನಿಂದ ಅವನ ಬೆನ್ನಿಗೆ ಗುದ್ದುತ್ತಾ ಕೂಗುವುದು.

"ನೀನು ತಪ್ಪು ಕಣೇ ಗಿರೀ! ಪೂರಾ ತಪ್ಪು!" ಎನ್ನುತ್ತಿದ್ದ.

"ನಿನ್ ತಲೆ! ನೀನು ಹಡಗು ಕಟ್ಟೋ ಹೊತ್ತಿಗೆ ನಾನು ನಿನ್ನ ಸುಟ್ಟೇ ಹಾಕಿರ್ತೀನಿ."

ಸೆಂಟರಿನಲ್ಲೂ ಇದೇ ಗಲಾಟೆ. ಆಟಕ್ಕಿಂತ ಆಟದ ಮೇಲಿನ ಮಾತೇ ಜೋರಾಗಿ, ಕೆಳಗಿನ ಮಂಡಿಯವರು ಮೇಲೆ ಬಂದು ದೂರು ಹೇಳಿದಾಗ ಮಿಸ್ ಒಂದು ಉಪಾಯ ಮಾಡಿದರು. ಟೈಪಿಂಗ್ ಕ್ಲಾಸಿನ ಹಳೆಯ ಹಾಜರಿ ಪುಸ್ತಕವೊಂದನ್ನು ಮೇಜಿನ ಮೇಲೆ ಬಡಿದು, "ಬಾಯಲ್ಲಿ ಅರಚ್ಬೇಡ್ರಿ. ಏನ್ ಹೇಳೋದಿದ್ರೂ ಇದ್ರಲ್ಲಿ ಬರೀರಿ. ಹೆಸರು ಹಾಕಿ ಬರೀರಿ," ಎಂದರು.

ಬರೆದೆವು. ಒಂದೇ ವಾರದಲ್ಲಿ ಅರ್ಧ ಪುಸ್ತಕ ತುಂಬಿತು. "ಹಸಿರು ಹಡಗು ಮೋಸ. ಏಟು ಬಿದ್ದರೂ ತಾನೇ ವಾಸಿಯಾಗುತ್ತೆ. ಅದನ್ನು ಯಾರೂ ತಗೋಬಾರದು." "ನಾಲ್ಕನೇ ನಂಬರ್ ಮೌಸ್ ಸರಿಯಿಲ್ಲ, ಅದಕ್ಕೇ ಸೋತೆ." ಅದರ ಕೆಳಗೆ ಬೇರೆ ಅಕ್ಷರದಲ್ಲಿ, "ನಿನ್ನ ತಲೆ ಸರಿಯಿಲ್ಲ." "ಆಕಾಶದಲ್ಲಿ ಗಾಳಿ ಇಲ್ಲ ಅಂತ ಸೈನ್ಸ್ ಮೇಷ್ಟ್ರು ಹೇಳಿದಾರೆ. ಮತ್ತೆ ಬೆಂಕಿ ಹೆಂಗೆ ಹತ್ತುತ್ತೆ?" ಲೋಕಣ್ಣನ ದುಂಡಗಿನ ಅಕ್ಷರ: "ದೊಡ್ಡ ಹಡಗು ಕಟ್ಟಲು ತಾಳ್ಮೆ ಬೇಕು. ತಾಳ್ಮೆ ಇಲ್ಲದವರು ಕೇರಂ ಆಡಲಿ." ಮಿಸ್ ಸಂಜೆ ಬಾಗಿಲು ಹಾಕುವ ಮುಂಚೆ ಕೂತು ಎಲ್ಲವನ್ನೂ ಓದಿ, ಕಾಗುಣಿತ ತಪ್ಪಿದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ಗುಂಡು ಸುತ್ತುತ್ತಿದ್ದರು.

ಏಪ್ರಿಲ್ ಮುಗಿಯುವ ಹೊತ್ತಿಗೆ ತರೀಕೆರೆಯಿಂದ ಕುಮಾರ ಬಂದ. ರಜೆಗೆ ತನ್ನ ಸೋದರತ್ತೆಯ ಮನೆಗೆ ಬಂದಿದ್ದವನು. ಲೋಕಣ್ಣನ ವಯಸ್ಸು, ಎಣ್ಣೆ ಹಚ್ಚಿ ಬಾಚಿದ ತಲೆ. ತರೀಕೆರೆಯಲ್ಲೂ ಕಡೂರಿನಲ್ಲೂ ಇದೇ ಆಟ ಆಡಿ ಪಳಗಿದ್ದ. ಮೊದಲ ದಿನವೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಲೋಕಣ್ಣನನ್ನು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟ. ಮುಗಿಸಿದ ರೀತಿ ನೋಡಿ ನಾವೆಲ್ಲ ಬಾಯಿ ಬಿಟ್ಟೆವು. ಅವನು ತಾಯಿ ಹಡಗಿನ ಹತ್ತಿರ ಹೋಗಲೇ ಇಲ್ಲ. ಯುದ್ಧದ ಹಡಗುಗಳ ಕಡೆ ತಿರುಗಿಯೂ ನೋಡಲಿಲ್ಲ. ಆಟ ಶುರುವಾದ ಕೂಡಲೇ ನಾಲ್ಕು ಚಿಕ್ಕ ಹಡಗು ಕಟ್ಟಿ, ಬಂಡೆಗಳ ಹಿಂದೆ ಸುತ್ತಿ ಬಂದು, ಅದಿರು ಹೊತ್ತು ನಿಧಾನವಾಗಿ ಸಾಗುತ್ತಿದ್ದ ಕೂಲಿ ಹಡಗುಗಳನ್ನು ಒಂದೊಂದಾಗಿ ಹೊಡೆದ. ಅವು ತಪ್ಪಿಸಿಕೊಳ್ಳಲು ಅತ್ತಿತ್ತ ತಿರುಗುತ್ತಾ ಸಿಡಿದವು. ಅದಿರು ನಿಂತಿತು, ಹಡಗು ಕಟ್ಟುವುದು ನಿಂತಿತು, ಲೋಕಣ್ಣ ಮೌಸಿನಿಂದ ಕೈ ತೆಗೆದ.

ಆಮೇಲೆ ಪುಸ್ತಕ ಎಳೆದುಕೊಂಡು ಬರೆದ: "ಫಿರಂಗಿ ಇಲ್ಲದ ಹಡಗನ್ನು ಹೊಡೆಯುವುದು ಆಟ ಅಲ್ಲ. ನಮ್ಮ ಸೆಂಟರಿನಲ್ಲಿ ಇದನ್ನು ನಿಲ್ಲಿಸಬೇಕು. ಲೋಕೇಶ."

ಕುಮಾರ ಅದನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ ನಕ್ಕ. "ಏನಪ್ಪಾ ಇದು! ಅಜ್ಜಂಪುರದೋರು ಹಡಗಿಗೂ ತೊಟ್ಟಿಲು ಕಟ್ಟಿ ತೂಗ್ತೀರಾ? ಹೆಣ್ಣುಮಕ್ಕಳ ಜೊತೆ ಆಡಿ ಆಡಿ ನೀನೂ ಹಂಗೇ ಆಗೋಗಿದೀಯ."

ನನ್ನ ಕೈಯಲ್ಲಿ ಸ್ಟೀಲ್ ಊಟದ ಡಬ್ಬಿ ಇತ್ತು. ಬೀಸಿ ಹೊಡೆದೆ. ಡಬ್ಬಿಯ ಅಂಚು ಅವನ ಬಾಯಿಗೆ ಸರಿಯಾಗಿ ಬಿತ್ತು. ಮುಂದಿನ ಹಲ್ಲು ಅರ್ಧ ಮುರಿದು ನೆಲಕ್ಕೆ ಬಿದ್ದು ಸದ್ದು ಮಾಡಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ಅವನ ತುಟಿ ಸೀಳಿ, ಬಿಳಿ ಶರ್ಟಿನ ಮೇಲೆ ರಕ್ತ ಇಳಿಯಿತು. ಅವನು ನನ್ನ ಜಡೆ ಹಿಡಿದು ಎಳೆದು ಮೇಜಿಗೆ ಗುದ್ದಿದ. ನಾನು ಅವನ ಮೊಣಕೈ ಕಚ್ಚಿದೆ. ಮಿಸ್ ಓಡಿ ಬಂದು, ಕಿವಿ ಹಿಡಿದು ನನ್ನನ್ನು ಬಿಡಿಸಿ, ಎರಡೂ ಕೆನ್ನೆಗೆ ಬಾರಿಸಿದರು. ಲೋಕಣ್ಣ ಕುಮಾರನನ್ನು ಕೆಳಗಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಬಾಯಿ ತೊಳೆಸಿ, ತನ್ನ ಕರ್ಚೀಫು ಕೊಟ್ಟು ಮನೆಗೆ ಬಿಟ್ಟುಬಂದ.

ಮನೆಯಲ್ಲಿ ಅಮ್ಮ ತೊಗರಿ ಕಡ್ಡಿ ಮುರಿಯುವವರೆಗೆ ಹೊಡೆದಳು. ಕಾಲಿನ ಮೇಲೆ ಬಾಸುಂಡೆ ಎದ್ದಿತು. ಲೋಕಣ್ಣ ಕೊಬ್ಬರಿ ಎಣ್ಣೆ ತಂದುಕೊಟ್ಟು, ಎದುರಿಗೇ ಕೂತು ಬೈದ.

"ನಂಗೋಸ್ಕರ ಹೊಡೆದೆ ಅಂತ ತಿಳ್ಕೋಬೇಡ. ನಿಂಗೆ ಹೊಡಿಯೋಕೆ ಆಸೆ ಇತ್ತು, ಹೊಡೆದೆ. ನೀನು ತಪ್ಪು ಕಣೇ."

"ಅವ್ನು ನಿನ್ನ ಹೆಂಗ್ಸು ಅಂದ."

"ಅಂದ್ರೆ ಅಂದ. ಅವ್ನ ಹಲ್ಲು ವಾಪಸ್ ಬತ್ತದಾ?"

ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಇಲ್ಲಿ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ದೊಡ್ಡಪ್ಪ ಊರಲ್ಲಿ ಮರ್ಯಾದಸ್ಥ. ಅವರಿವರ ಜಮೀನಿನ ಖಾತೆ, ಪಾಲುಪಟ್ಟಿಯ ತಕರಾರಿಗೆಲ್ಲ ಜನ ಅವರನ್ನೇ ಕರೆಯುತ್ತಿದ್ದರು. ಮನೆಯೊಳಗೆ ದೊಡ್ಡಮ್ಮನಿಗೆ ಹೊಡೆಯುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾದರೆ, ಎಮ್ಮೆ ಹಾಲು ಕಡಿಮೆ ಕೊಟ್ಟರೆ, ಏನೂ ಆಗದಿದ್ದರೂ. ನಮ್ಮ ಅಪ್ಪ ಅಣ್ಣನ ಎದುರು ನಿಂತು ಮಾತಾಡುವವರಲ್ಲ. ಆ ಕಡೆಯಿಂದ ಸದ್ದು ಕೇಳಿದರೆ ಹೊಲದ ಕಡೆ ಹೋಗಿಬಿಡುತ್ತಿದ್ದರು. ನಾನು ನಮ್ಮ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ದೊಡ್ಡಮ್ಮ ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದಳು, ದೊಡ್ಡಪ್ಪನ ಕೈ ಏಳುತ್ತಿತ್ತು, ಲೋಕಣ್ಣ ಬಾಗಿಲ ಬಳಿ ಕೈ ಇಳಿಬಿಟ್ಟು ನಿಂತಿರುತ್ತಿದ್ದ. ಅವನು ಅಳುತ್ತಿರಲಿಲ್ಲ, ಅಡ್ಡ ಹೋಗುತ್ತಿರಲಿಲ್ಲ. ಮೊದಮೊದಲು ಅಡ್ಡ ಹೋಗಿದ್ದನಂತೆ. ಅವತ್ತೆಲ್ಲ ದೊಡ್ಡಮ್ಮನಿಗೆ ಎರಡರಷ್ಟು ಏಟು ಬಿದ್ದದ್ದರಿಂದ ಅವಳೇ ಅವನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ಈ ಆಣೆಯ ಸಂಗತಿ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆಗ ನನಗೆ ಕಂಡಿದ್ದು ಬಾಗಿಲ ಬಳಿ ಸುಮ್ಮನೆ ನಿಂತ ಒಬ್ಬ ಹುಡುಗ ಮಾತ್ರ.

ಹಲ್ಲಿನ ಗಲಾಟೆಯಾದ ಮೇಲೆ ಮಿಸ್ ಎರಡು ದಿನ ಸೆಂಟರಿನಲ್ಲಿ ಆಟ ನಿಲ್ಲಿಸಿದರು. ಮೂರನೇ ದಿನ ಅವರೇ ರಾಜಿ ಮಾಡಿಸಿದರು. ಭಾನುವಾರ ಬೆಳಗ್ಗೆ ಒಂದು ಪಂದ್ಯ, ನಾನು ಮತ್ತು ಲೋಕಣ್ಣ ಒಂದು ಕಡೆ, ಕುಮಾರ ಮತ್ತು ಕಡೂರಿನ ಅವನ ಸ್ನೇಹಿತ ಇನ್ನೊಂದು ಕಡೆ. "ಅಲ್ಲೇ ಹೊಡ್ಕೊಂಡು ಸಾಯ್ರಿ, ಮನುಷ್ಯರ ಮೈಮೇಲೆ ಬೇಡ," ಎಂದರು.

ಭಾನುವಾರ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಮೇಲೆ, ಟೈಪ್‌ರೈಟರುಗಳ ಮೇಲೆ ಹುಡುಗರು ಕೂತಿದ್ದರು. ಯಾರೋ ಕಾರ ಮಂಡಕ್ಕಿ ತಂದಿದ್ದರು. ಬೆವರು, ಈರುಳ್ಳಿ, ಒಗ್ಗರಣೆ ಎಲ್ಲದರ ವಾಸನೆ ಒಂದಾಗಿತ್ತು. ಕುಮಾರನ ತುಟಿ ಇನ್ನೂ ಊದಿಕೊಂಡಿತ್ತು. ಮುರಿದ ಹಲ್ಲು ಕಾಣುವ ಹಾಗೆ ನನ್ನ ಕಡೆ ನೋಡಿ ನಕ್ಕ.

ಆಟ ನಲವತ್ತು ನಿಮಿಷ ನಡೆಯಿತು. ಅಷ್ಟು ಉದ್ದದ ಯುದ್ಧ ನಾವು ಅದುವರೆಗೆ ಆಡಿರಲಿಲ್ಲ. ಅವರು ನಮ್ಮ ಕೂಲಿ ಹಡಗಿನ ಮೇಲೆ ಬಿದ್ದಾಗಲೆಲ್ಲ ಲೋಕಣ್ಣ ಕಾವಲು ಹಡಗು ಕಳಿಸಿ ಅಟ್ಟಿದ. ನಾನು ಕಡೂರಿನವನ ಮನೆಗೆ ನುಗ್ಗಿ, ಅವನ ತಾಯಿ ಹಡಗಿನ ರೆಕ್ಕೆ ಕಿತ್ತು, ಸುಟ್ಟು, ಆಟದಿಂದಲೇ ಹೊರಹಾಕಿದೆ. ಸೆಂಟರು ಕೂಗಿನಲ್ಲಿ ಅಲ್ಲಾಡಿತು. ಆದರೆ ಅಷ್ಟರಲ್ಲಿ ನನ್ನ ಹಡಗುಗಳೂ ಹೆಚ್ಚೂಕಡಿಮೆ ಮುಗಿದಿದ್ದವು. ಉಳಿದಿದ್ದು ಕುಮಾರ ಮತ್ತು ಲೋಕಣ್ಣ.

ಆಗ ಲೋಕಣ್ಣನ ಆರು ದೊಡ್ಡ ಹಡಗುಗಳು ಬಂಡೆಯೊಂದನ್ನು ದಾಟಿ ಬಂದವು. ಎದುರಿಗೇ ಕುಮಾರನ ಕೂಲಿ ಹಡಗುಗಳು, ಹನ್ನೆರಡೋ ಹದಿಮೂರೋ, ಅದಿರು ಹೊತ್ತು ಸಾಲಾಗಿ ಹೋಗುತ್ತಿದ್ದವು. ಸುತ್ತ ಕಾವಲಿರಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹೊಡಿ ಲೋಕಣ್ಣ! ಹೊಡಿಯೋ!" ನಾನು ಕಿರುಚಿದೆ. ಇಡೀ ಸೆಂಟರು ಕಿರುಚಿತು.

ಅವನು ಹೊಡೆಯಲಿಲ್ಲ. ಮೌಸನ್ನು ಸ್ವಲ್ಪ ಆಚೆ ಸರಿಸಿ, ಆ ಸಾಲನ್ನು ಬಳಸಿಕೊಂಡು ಕುಮಾರನ ಯುದ್ಧದ ಹಡಗುಗಳನ್ನು ಹುಡುಕುತ್ತಾ ಹೋದ. ಕೂಲಿ ಹಡಗುಗಳು ಅದಿರು ಇಳಿಸಿದವು. ಕುಮಾರ ಆ ಅದಿರಿನಿಂದಲೇ ಹೊಸ ಹಡಗು ಕಟ್ಟಿ, ಐದೇ ನಿಮಿಷದಲ್ಲಿ ಲೋಕಣ್ಣನ ಆರನ್ನೂ ಸುತ್ತುವರಿದು ಚೂರು ಮಾಡಿದ. ನಮ್ಮ ತಾಯಿ ಹಡಗುಗಳು ಸಿಡಿದಾಗ ಪರದೆಯ ಬಿಳಿ ಬೆಳಕು ಲೋಕಣ್ಣನ ಮುಖದ ಮೇಲೆ ಬಿತ್ತು. ಅವನು ಎದ್ದು ಕುಮಾರನ ಕೈ ಕುಲುಕಿದ. ಕುಮಾರನಿಗೇ ಒಂಥರಾ ಆಗಿತ್ತು. "ಯಾಕೋ ಹೊಡೀಲಿಲ್ಲ?" ಎಂದು ಕೇಳಿದ. ಲೋಕಣ್ಣ ನಕ್ಕು, ಕೆಳಗೆ ಸೋಡಾ ಕುಡಿಯೋಣ ಬಾ ಎಂದು ಅವನನ್ನು ಕರೆದುಕೊಂಡು ಹೊರಟ.

ಎಲ್ಲರೂ ಇಳಿದುಹೋದ ಮೇಲೆ ನಾನೊಬ್ಬಳೇ ಉಳಿದೆ. ಪುಸ್ತಕ ತೆಗೆದು, ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿ ಬರೆದೆ: "ಲೋಕೇಶ ಹೇಡಿ. ನ್ಯಾಯ ಅಂತ ಹೇಳುವುದೆಲ್ಲ ಸುಳ್ಳು. ಅವನಿಗೆ ಹೊಡೆಯಲು ಧೈರ್ಯ ಇಲ್ಲ. ಮನೆಯಲ್ಲಿ ಅವರಪ್ಪ ಅವರಮ್ಮನಿಗೆ ಹೊಡೆಯುವಾಗಲೂ ಹೀಗೇ ನೋಡುತ್ತಾ ನಿಂತಿರುತ್ತಾನೆ. ಗಿರಿಜಾ."

ಬರೆದ ಮೇಲೆ ಹೊಟ್ಟೆಯೊಳಗೆ ಅದೇ ಬೆಚ್ಚನೆಯದು ಇಳಿಯಿತು.

ಮಾರನೆಯ ದಿನ ನನಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಲೋಕಣ್ಣ ಒಬ್ಬನೇ ಹೋದ. ಮಧ್ಯಾಹ್ನ ಬಿಸಿಲು ಕಾದ ಹೊತ್ತಿಗೆ ಸೈಕಲ್ಲು ಅಂಗಳಕ್ಕೆ ಬಂದು ಬಿದ್ದ ಸದ್ದಾಯಿತು. ನಾನು ತೆಂಗಿನಕಾಯಿಯ ರಾಶಿಯ ಪಕ್ಕ ನೆರಳಲ್ಲಿ ಕೂತಿದ್ದೆ. ಅವತ್ತು ಕಾಯಿ ಸುಲಿಯುವವರು ಬಂದಿದ್ದರು, ಊಟಕ್ಕೆಂದು ಎದ್ದುಹೋಗಿದ್ದರು. ಅವರು ಸುಲಿಯುವ ಕಬ್ಬಿಣದ ಸಲಾಕೆ, ಚೂಪು ತುದಿ ಮೇಲೆ ಮಾಡಿ, ನೆಲದಲ್ಲಿ ಹೂತಿದ್ದ ಹಾಗೇ ನಿಂತಿತ್ತು. ಸುತ್ತ ಹಸಿ ಮಟ್ಟೆಯ ಒಗರು ವಾಸನೆ.

ಲೋಕಣ್ಣನ ಕೈಯಲ್ಲಿ ಹರಿದ ಹಾಳೆ ಇತ್ತು.

"ಇದು ನೀನು ಬರ್ದಿದ್ದಾ?"

"ಹೆಸ್ರು ಹಾಕಿದೀನಲ್ಲ."

"ನನ್ನ ಹೇಡಿ ಅನ್ನು, ಏನಾದ್ರೂ ಅನ್ನು. ಅವ್ವನ ಸುದ್ದಿ ಯಾಕೆ ಬರ್ದೆ? ಊರ ಹುಡುಗ್ರೆಲ್ಲ ಓದೋ ಬುಕ್ಕು ಕಣೇ ಅದು. ನಾಳೆ ಅವ್ವ ಅಂಗಡಿಗೆ ಹೋದ್ರೆ ಎಲ್ರೂ ಅವಳ ಮೈ ನೋಡ್ತಾರೆ, ಎಲ್ಲಿ ಏಟು ಬಿದ್ದದೆ ಅಂತ."

ನನಗೆ ಆ ಮಾತು ತಾಗಿತು. ತಾಗಿದ್ದನ್ನು ತೋರಿಸಿಕೊಳ್ಳಬಾರದೆಂದು, "ನಾನು ಬರ್ದಿದ್ದು ಸುಳ್ಳಾ? ನೀನು ನಿಂತ್ಕೊಂಡು ನೋಡಲ್ವಾ?" ಎಂದೆ.

ಅವನು ನನ್ನ ಕೆನ್ನೆಗೆ ಹೊಡೆದ. ಹುಟ್ಟಿದಾಗಿನಿಂದ ಅದೇ ಮೊದಲ ಸಲ. ಹೊಡೆದವನು ತನ್ನ ಕೈಯನ್ನೇ ನೋಡಿಕೊಂಡು ನಿಂತ, ಅದು ಬೇರೆ ಯಾರದೋ ಎಂಬಂತೆ. "ಗಿರೀ, ನಾನು..." ಎಂದು ಏನೋ ಹೇಳಲು ಬಂದ. ನಾನು ಕೇಳಲಿಲ್ಲ. ಎರಡೂ ಕೈಯಿಂದ ಅವನ ಎದೆಗೆ ಬಲವಾಗಿ ತಳ್ಳಿದೆ. ಅವನ ಕಾಲು ಮಟ್ಟೆಯ ಮೇಲೆ ಜಾರಿತು. ಹಿಂದಕ್ಕೆ ಬೀಳುತ್ತಾ, ನೆಲ ಹಿಡಿಯಲು ಬಲಗೈ ಚಾಚಿದ. ಆ ಕೈ ಸಲಾಕೆಯ ಮೇಲೆ ಹೋಯಿತು.

ಅಂಗೈಯಿಂದ ಹೊಕ್ಕ ತುದಿ ಮೇಲುಗಡೆ ಬೆರಳುಗಳ ಬುಡದಲ್ಲಿ ಬಂದಿತ್ತು. ಮೊದಲು ರಕ್ತವೇ ಬರಲಿಲ್ಲ. ಲೋಕಣ್ಣ ಕೂಗಲೂ ಇಲ್ಲ. ಬಾಯಿ ತೆರೆದು ನನ್ನ ಮುಖ ನೋಡಿದ. ಆಮೇಲೆ ಹಲ್ಲು ಕಚ್ಚಿ, ತಾನೇ ಕೈ ಮೇಲೆತ್ತಿ ಸಲಾಕೆಯಿಂದ ಬಿಡಿಸಿಕೊಂಡ. ಆಗ ಬಂತು ರಕ್ತ. ಮಟ್ಟೆಯ ಮೇಲೆ, ಅವನ ಅಂಗಿಯ ಮೇಲೆ, ನನ್ನ ಲಂಗದ ಮೇಲೆ. ಹಾಳೆ ಅದರೊಳಗೇ ಬಿದ್ದು ನೆನೆದು ಮುದ್ದೆಯಾಯಿತು.

ನನ್ನ ಕಿರುಚಾಟಕ್ಕೆ ದೊಡ್ಡಪ್ಪ, ದೊಡ್ಡಮ್ಮ ಓಡಿಬಂದರು. ದೊಡ್ಡಪ್ಪ ರಕ್ತ ನೋಡಿದರು, ಸಲಾಕೆ ನೋಡಿದರು.

"ಏನಾಯ್ತೋ ಲೇ?"

ಲೋಕಣ್ಣ ನನ್ನ ಕಡೆ ತಿರುಗಲೇ ಇಲ್ಲ. "ಕಾಯಿ ಸುಲಿಯಕ್ಕೆ ಹೋದೆ ಅಪ್ಪಾ. ಜಾರ್ಬಿಟ್ಟೆ," ಎಂದ.

"ನಿನ್ಗೆ ಯಾವನೋ ಸುಲಿ ಅಂದಿದ್ದು? ಅಯೋಗ್ಯ ನನ್ಮಗನೆ!"

ಕೈಯಿಂದ ರಕ್ತ ಸುರಿಯುತ್ತಿದ್ದ ಮಗನ ಕಪಾಳಕ್ಕೆ ದೊಡ್ಡಪ್ಪ ಬಾರಿಸಿದರು. ಇನ್ನೊಂದು. ಮೂರನೆಯದಕ್ಕೆ ದೊಡ್ಡಮ್ಮ ಅಡ್ಡ ಬಂದಳು. ಅದು ಅವಳಿಗೆ ಬಿತ್ತು. ಅವಳು ಬಿದ್ದು, ಎದ್ದು, ಸೆರಗು ಹರಿದು ಮಗನ ಕೈಗೆ ಸುತ್ತುತ್ತಾ, "ಹೊಡೀರಿ, ಆಮೇಲೆ ಎಷ್ಟು ಬೇಕಾದ್ರೂ ಹೊಡೀರಿ, ಮೊದ್ಲು ಗಾಡಿ ತರ್ಸಿ," ಎಂದು ಕೂಗಿದಳು. ಅವಳ ಮೂಗಿನಿಂದಲೂ ರಕ್ತ ಇಳಿಯುತ್ತಿತ್ತು.

ನಾನು ಮೂರು ಮಾರು ದೂರದಲ್ಲಿ ಕೈ ಇಳಿಬಿಟ್ಟು ನಿಂತಿದ್ದೆ. ನಾನೇ ತಳ್ಳಿದ್ದು ಎನ್ನಲು ಒಂದು ಕ್ಷಣ ಸಾಕಾಗಿತ್ತು. ಹೇಳಲಿಲ್ಲ. ನೋಡುತ್ತಾ ನಿಂತೆ.

ಮೊದಲು ತರೀಕೆರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದೊಯ್ದರು. ಮೂರು ವಾರ ಬಿಟ್ಟು ಲೋಕಣ್ಣ ವಾಪಸು ಬಂದಾಗ ಬಲಗೈಯಲ್ಲಿ ಬ್ಯಾಂಡೇಜಿತ್ತು. ಬ್ಯಾಂಡೇಜು ಬಿಚ್ಚಿದ ಮೇಲೆ ಉಂಗುರದ ಬೆರಳೂ ನಡುಬೆರಳೂ ಮಡಚಲಿಲ್ಲ. ನರ ತುಂಡಾಗಿದೆ, ಇನ್ನು ಇಷ್ಟೇ ಎಂದರಂತೆ. ಅವನು ಸೆಂಟರಿಗೆ ಮತ್ತೆ ಬರಲಿಲ್ಲ.

ನಾನು ಒಂದು ಸಲ ಹೋದೆ. ಮಿಸ್ ಒಬ್ಬರೇ ಕೂತಿದ್ದರು. ಕಂಪ್ಯೂಟರುಗಳಿಂದ ಆಟ ಅಳಿಸಿದ್ದರು. ಹಾಜರಿ ಪುಸ್ತಕ ಅವರ ತೊಡೆಯ ಮೇಲಿತ್ತು.

"ಒಂದು ಹಾಳೆ ಇಲ್ಲ ಇದ್ರಲ್ಲಿ," ಎಂದರು.

ನಾನು ಪುಸ್ತಕ ಬಿಟ್ಟು ಮೂಲೆಯ ಟೈಪ್‌ರೈಟರುಗಳ ಕಡೆ ತಿರುಗಿದೆ.

"ನಾನು ಭಾನುವಾರ ಸಂಜೇನೇ ಓದಿದ್ದೆ ಕಣೇ. ಹರಿದು ಹಾಕ್ಬೇಕಿತ್ತು. ಬೆಳಗ್ಗೆ ನಿನ್ನ ಕೈಲೇ ಹರಿಸೋಣ ಅಂತ ಬಿಟ್ಟೆ. ನೀನು ಬರ್ಲಿಲ್ಲ." ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, "ಅವ್ನು ಜಾರಿ ಬಿದ್ನಾ?" ಎಂದು ಕೇಳಿದರು.

"ಇಲ್ಲ ಮಿಸ್."

ಜೀವನದಲ್ಲಿ ಆ ಒಂದು ಸಲ ಹೇಳಿದ್ದೇನೆ. ಅವರು ಹೊಡೆಯಬಹುದೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. "ಮನೇಲಿ ಹೇಳ್ತೀಯಾ?" ಎಂದರು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಮುಂದಿನ ವರ್ಷ ಸೆಂಟರು ಮುಚ್ಚಿ ತಮ್ಮ ಅಕ್ಕನ ಊರಿಗೆ ಹೋದರು.

ದೊಡ್ಡಪ್ಪ ಹೋಗಿ ಏಳು ವರ್ಷವಾಯಿತು. ಕೊನೆಯ ದಿನಗಳಲ್ಲಿ ದೊಡ್ಡಮ್ಮನೇ ತುತ್ತು ಮಾಡಿ ತಿನ್ನಿಸಿದಳು. ಲೋಕಣ್ಣ ಕಡೂರಿನಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಮೋಟರುಗಳ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವ ಆ ಕೆಲಸವನ್ನು ಎಡಗೈಯಲ್ಲೇ ಕಲಿತ. ಸುತ್ತಮುತ್ತಲ ರೈತರು ಅವನ ಕೈಯ ಕೆಲಸವೇ ಬೇಕೆಂದು ಕಾಯುತ್ತಾರೆ. ನಾನು ಊರಲ್ಲೇ ಇದ್ದೇನೆ. ಗಂಡನನ್ನು ಇಲ್ಲಿಗೇ ಕರೆಸಿಕೊಂಡು ಅಪ್ಪನ ತೋಟ ನೋಡಿಕೊಳ್ಳುತ್ತಿದ್ದೇನೆ. ನನ್ನ ಮಗ ಮೊಬೈಲಿನಲ್ಲಿ ಅಂಥದೇ ಹಡಗಿನ ಆಟ ಆಡುತ್ತಾನೆ. ಕೆಳಗೆ ಯಾವ್ಯಾವ ದೇಶದವರೋ ಬರೆದ ಅಭಿಪ್ರಾಯಗಳು ಸಾಲುಸಾಲಾಗಿ ಬರುತ್ತವೆ. ಅದಿರು ಹೊರುವ ಹಡಗನ್ನು ಹೊಡೆಯುವುದು ಸರಿಯೋ ತಪ್ಪೋ ಎಂದು ಅವರೂ ಬೈದಾಡುತ್ತಾರೆ. ಅವರಿಗೆ ಹೆಸರಿಲ್ಲ, ಮುಖವಿಲ್ಲ. ಮಗ ಓದಿ ನಗುತ್ತಾನೆ. ನಾನು ಓದುವುದಿಲ್ಲ.

ಲೋಕಣ್ಣ ಹಬ್ಬಕ್ಕೆ ಬರುತ್ತಾನೆ, ಬಾಗಿನ ಕೊಡುತ್ತಾನೆ, ನನ್ನ ಮಗನಿಗೆ ಸೈಕಲ್ಲು ಕೊಡಿಸಿದ್ದೂ ಅವನೇ. ದೊಡ್ಡಪ್ಪನ ತಿಥಿಯ ದಿನ ಹಿತ್ತಲಲ್ಲಿ ಅವನೊಬ್ಬನೇ ಸಿಕ್ಕಾಗ, "ಲೋಕಣ್ಣ, ದೊಡ್ಡಮ್ಮಂಗೆ ನಿಜ ಹೇಳ್ಬಿಡ್ತೀನಿ," ಎಂದೆ. "ಯಾವಾಗಿನ ಮಾತು, ಬಿಡವ್ವ. ಈಗ ಹೇಳಿ ಅವ್ವಂಗೆ ಯಾಕೆ ನೋವು? ನಿನ್ನಿಷ್ಟ," ಎಂದು ಎಲೆ ಹಾಕಲು ಒಳಗೆ ಹೋದ. ಅವ್ವಾ ಎಂದು ಅವನು ನನ್ನನ್ನು ಕರೆಯಲು ಯಾವಾಗ ಶುರು ಮಾಡಿದನೋ ನೆನಪಿಲ್ಲ. ಗಿರೀ ಎಂದು ಕರೆಯುವುದನ್ನು ಯಾವಾಗ ನಿಲ್ಲಿಸಿದನೆಂಬುದು ಮಾತ್ರ ನೆನಪಿದೆ.

ಹೋದ ವರ್ಷ ತೋಟದ ಕೊಳವೆಬಾವಿಗೆ ಹೊಸ ಮೋಟರು ಬೇಕಾಯಿತು. ಲೋಕಣ್ಣ ಬಂದ. ಬಾವಿಯ ಆಳ ಕೇಳಿದ, ನೀರು ಎಷ್ಟು ಕೆಳಗಿದೆ ಎಂದು ಕೇಳಿದ. ಐದು ಎಚ್‌.ಪಿ. ಸಾಕು ಎಂದು ನಾನು ಹಟ ಹಿಡಿದೆ. ಅಷ್ಟು ಆಳಕ್ಕೆ ಐದು ಸಾಲದು ಎಂದು ಪಕ್ಕದ ತೋಟದವರು ನನಗೆ ಮೊದಲೇ ಹೇಳಿದ್ದರು. ಬೇಕೆಂದೇ ಹಾಗೆ ಹೇಳಿದೆ. ಅವನು ಎದುರಾಡಲಿ ಎಂದು ಕಾದೆ. ಒಂದು ಕ್ಷಣ ಅವನ ತುಟಿ ಅಲುಗಿತು. ಆಮೇಲೆ, "ಆಯ್ತು ಬಿಡವ್ವ, ನೀನು ಹೇಳ್ದಂಗೇ ಮಾಡಣ," ಎಂದು ಐದನ್ನೇ ಇಳಿಸಿದ. ಎರಡೇ ತಿಂಗಳಿಗೆ ಮೋಟರು ಸುಟ್ಟಿತು. ಮತ್ತೆ ಬಂದು ಮೇಲೆತ್ತಿಸಿ, ಅಂಗಳದಲ್ಲಿ ಕೂತು ಎಡಗೈಯಲ್ಲಿ ಬಿಚ್ಚತೊಡಗಿದ. ಮಡಚದ ಬಲಗೈ ಬೆರಳುಗಳಿಂದ ಬೋಲ್ಟುಗಳನ್ನು ಒತ್ತಿ ಹಿಡಿದಿದ್ದ.

"ಸುಡುತ್ತೆ ಅಂತ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ತಪ್ಪು ಅಂತ ಒಂದು ಮಾತು ಹೇಳ್ಬೋದಿತ್ತಲ್ಲ?"

ಅವನು ತಲೆ ಎತ್ತಲಿಲ್ಲ. ಸುಟ್ಟ ತಂತಿಯ ಸುರುಳಿಯೊಂದನ್ನು ಎಳೆದು ಪಕ್ಕಕ್ಕಿಟ್ಟು, "ನಿನ್ನ ಜೊತೆ ವಾದ ಯಾಕೆ ಬಿಡವ್ವ," ಎಂದ.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆ, ಅವನೊಂದು ಆಡುತ್ತಿದ್ದ, ಸಂಜೆಯವರೆಗೆ ಅಂಗಳದಲ್ಲಿ ಕೂತು ಕಚ್ಚಾಡಬಹುದಿತ್ತು. ನನ್ನ ಗಂಡ, ಮಗ, ಕೂಲಿಗೆ ಬರುವವರು ಎಲ್ಲರೂ ನನ್ನ ಜೊತೆ ಜಗಳವಾಡುತ್ತಾರೆ. ಆದರೆ ನಾನು ತಪ್ಪಿದಾಗ ಪೂರಾ ತಪ್ಪು ಎಂದು ಕೂಗುತ್ತಿದ್ದವನು ಒಬ್ಬನೇ ಇದ್ದ. ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರೆ ಅಂಗಳದಿಂದ ಉತ್ತರ ಬಂತು: "ನಿಂಗೆ ಎಷ್ಟು ಸರಿ ಅನ್ಸುತ್ತೋ ಅಷ್ಟು."